ಬೆರಳು ಹಿಂದಕ್ಕೆ ಬಾಗಿದರೆ ಕ್ಯಾಲ್ಸಿಯಂ ಕೊಡಬೇಕೇ?

ಪ್ರಶ್ನೆ: ಎಂಟು ವರ್ಷದ ಮಗಳ ಬೆರಳು, ಮೊಣಕೈ ಎಲ್ಲವೂ ಹಿಂದಕ್ಕೆ ಬಾಗುತ್ತವೆ. ಸಂಜೆಯಾದರೆ ಕಾಲುನೋವು ಅಂತ ಅಳುತ್ತಾಳೆ, ಬೆಳಿಗ್ಗೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಓಡಾಡುತ್ತಾಳೆ. ಕ್ಯಾಲ್ಸಿಯಂ ಕಡಿಮೆ ಇರಬೇಕು. ಯಾವ ಸಿರಪ್ ಒಳ್ಳೆಯದು?

ಉತ್ತರ: ಬೆರಳು ಬಾಗುತ್ತದೆ ಅನ್ನುವ ಕಾರಣಕ್ಕಾದರೆ ಯಾವ ಸಿರಪ್ಪೂ ಬೇಡ. ಇದೇ ಪ್ರಶ್ನೆ ಮಗುವಿನ ವಯಸ್ಸು ಮಾತ್ರ ಬದಲಾಗಿ ಮತ್ತೆ ಮತ್ತೆ ಬರುತ್ತಿದೆ. ಆದ್ದರಿಂದ ಈ ಸಲ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಕ್ಯಾಲ್ಸಿಯಂ ಇರುವುದು ಮೂಳೆಯಲ್ಲಿ. ಕೀಲು ಎಷ್ಟು ಬಾಗಬೇಕು ಅನ್ನುವುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಮೂಳೆಯಲ್ಲ, ಮೂಳೆಗೆ ಮೂಳೆಯನ್ನು ಕಟ್ಟಿ ಹಿಡಿದಿರುವ ಲಿಗಮೆಂಟು. ಅದು ಕೊಲಾಜೆನ್ ಎಂಬ ಪ್ರೋಟೀನಿನ ನಾರು. ಆ ನಾರಿನ ಬಿಗಿ ಎಷ್ಟಿರಬೇಕು ಅನ್ನುವುದು ಹೆಚ್ಚಾಗಿ ಅಪ್ಪ-ಅಮ್ಮನಿಂದ ಬಂದದ್ದು. ಬಾಗಿಲ ತಿರುಗಣಿ ಸಡಿಲವಾಗಿದೆ ಅಂತ ಹಲಗೆಗೆ ಪಾಲಿಶ್ ಹಾಕಿದರೆ ಏನು ಬಂತು? ಕೊಲಾಜೆನ್ ಪುಡಿ ತಿನ್ನಿಸಿದರೂ ಅಷ್ಟೇ. ಹೊಟ್ಟೆಗೆ ಹೋದ ಪ್ರೋಟೀನು ಅಲ್ಲೇ ಚೂರಾಗುತ್ತದೆ, ನೆಟ್ಟಗೆ ಮೊಣಕಾಲಿಗೆ ಹೋಗಿ ಕೂರುವುದಿಲ್ಲ.

"ನಮ್ಮ ಪಕ್ಕದವರ ಮಗುವಿಗೆ ಸಿರಪ್ಪಿನಿಂದಲೇ ಗುಣವಾಯಿತಲ್ಲ!" ಅನ್ನುತ್ತೀರಿ. ಈ ನೋವು ಒಂದು ವಾರ ಬರುತ್ತದೆ, ಎರಡು ವಾರ ತಾನಾಗಿಯೇ ಇರುವುದಿಲ್ಲ. ನೋವು ಜೋರಾದಾಗ ಸಿರಪ್ ಶುರುವಾಗುತ್ತದೆ, ಹೇಗೂ ಇಳಿಯಬೇಕಿದ್ದ ನೋವು ಇಳಿಯುತ್ತದೆ, ಹೆಸರು ಬಾಟಲಿಗೆ. ಮಕ್ಕಳು ಬೆಳೆದಂತೆ ಕೀಲುಗಳೂ ಸಾಮಾನ್ಯವಾಗಿ ಬಿಗಿಯಾಗುತ್ತವೆ. ಆ ಕೀರ್ತಿಯೂ ಅದೇ ಬಾಟಲಿಗೆ!

ಕ್ಯಾಲ್ಸಿಯಂ ಅಥವಾ ವಿಟಮಿನ್ ಡಿ ನಿಜವಾಗಿ ಕಡಿಮೆಯಾಗುವುದೂ ಉಂಟು. ತೀರಾ ಕಡಿಮೆಯಾದರೆ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ, ಮಣಿಕಟ್ಟು ದಪ್ಪವಾಗುತ್ತದೆ. ಅದು ಬೇರೆ ಕಾಯಿಲೆ. ಅನುಮಾನವಿದ್ದರೆ ರಕ್ತ ಪರೀಕ್ಷೆ, ಎಕ್ಸ್-ರೇ ಇವೆ. ಊಹೆಯ ಮೇಲೆ ವಿಟಮಿನ್ ಡಿ ಕೊಡುತ್ತಾ ಹೋದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಮೂತ್ರಪಿಂಡಕ್ಕೆ ತೊಂದರೆ ಎಲ್ಲವೂ ಆಗಬಹುದು.

ಹಾಗಾದರೆ ಸಂಜೆಯ ನೋವು ಯಾಕೆ? ಲಿಗಮೆಂಟು ಸಡಿಲವಿದ್ದಾಗ ಕೀಲನ್ನು ಹಿಡಿದಿಡುವ ಕೆಲಸ ಸ್ನಾಯುಗಳ ಮೇಲೆ ಬೀಳುತ್ತದೆ. ದಿನವಿಡೀ ದುಡಿದ ಸ್ನಾಯು ಸಂಜೆಗೆ ಸೋಲುತ್ತದೆ, ರಾತ್ರಿ ನಿದ್ದೆಯಾದರೆ ಸುಧಾರಿಸಿಕೊಳ್ಳುತ್ತದೆ. ಇದಕ್ಕೆ ಮದ್ದು ಸ್ನಾಯು ಗಟ್ಟಿಯಾಗುವುದು, ಅಂದರೆ ಆಟ, ಈಜು, ಸೈಕಲ್, ಬೇಕಾದರೆ ಫಿಸಿಯೋಥೆರಪಿ. ನೋವು ಅಂತ ಆಟ ಬಿಡಿಸಿ ಕೂರಿಸಿದರೆ ಸ್ನಾಯು ಇನ್ನಷ್ಟು ಸೊರಗುತ್ತದೆ. ಬಿಡಿಸಬೇಕಾದದ್ದು ಒಂದೇ: ಮನೆಗೆ ಬಂದವರ ಮುಂದೆ "ಎಲ್ಲಿ, ಬೆರಳು ಬಗ್ಗಿಸಿ ತೋರಿಸು ಪುಟ್ಟಿ" ಅನ್ನುವ ಪ್ರದರ್ಶನ.

ಸಡಿಲ ಎಷ್ಟಿದೆ ಎಂದು ನೋಡಲು ವೈದ್ಯರು ಬೇಟನ್ ಅಂಕ ಹಾಕುತ್ತಾರೆ. ಒಟ್ಟು 9. ಎರಡೂ ಕಡೆಯ ಕಿರುಬೆರಳು, ಹೆಬ್ಬೆರಳು, ಮೊಣಕೈ, ಮೊಣಕಾಲಿಗೆ ತಲಾ ಒಂದು. ಮಂಡಿ ಮಡಚದೆ ಅಂಗೈಯನ್ನು ಪೂರ್ತಿ ನೆಲಕ್ಕೂರಿದರೆ ಇನ್ನೊಂದು. ಚಿಕ್ಕ ಮಕ್ಕಳು ಹೇಗೂ ಮೃದು, ಆದ್ದರಿಂದ ಅವರಲ್ಲಿ ಸಾಮಾನ್ಯವಾಗಿ 6 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಾತ್ರ ಲೆಕ್ಕ. ಅಂಕ ಬಂದ ಮಾತ್ರಕ್ಕೆ ಅದು ಕಾಯಿಲೆಯಲ್ಲ. ಎಷ್ಟೋ ಮಕ್ಕಳಿಗೆ ನೋವೇ ಇರುವುದಿಲ್ಲ.

ಆದರೆ ಕೀಲು ಊದಿಕೊಂಡರೆ, ಬೆಳಿಗ್ಗೆ ಏಳುವಾಗಲೇ ಬಿಗಿ ಹಿಡಿದಿದ್ದರೆ, ಕುಂಟಿದರೆ, ಜ್ವರವಿದ್ದರೆ, ತೂಕ ಇಳಿದರೆ, ಯಾವಾಗಲೂ ಒಂದೇ ಕಾಲು ನೋಯುತ್ತಿದ್ದರೆ, ಕೀಲು ಪದೇ ಪದೇ ಜಾರಿದರೆ ತಡಮಾಡದೆ ತೋರಿಸಿ. ಇದು ಬರೀ ಸಡಿಲ ಕೀಲಿನ ಸಂಜೆ ನೋವಲ್ಲ ಎಂದೇ ಹಿಡಿದು ನೋಡಬೇಕು.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮಗಳ ಅಕ್ಷರ ಹೇಗಿದೆ? ಬರೆಯುವಾಗ ಅವಳ ತೋರುಬೆರಳನ್ನು ಹತ್ತಿರದಿಂದ ನೋಡಿ. ತುದಿಯ ಗೆಣ್ಣು ಒಳಕ್ಕೆ ಕುಸಿದು, ಉಗುರು ಬೆಳ್ಳಗಾಗುವಷ್ಟು ಪೆನ್ಸಿಲನ್ನು ಒತ್ತಿ ಹಿಡಿದಿರಬಹುದು. ಕೀಲು ನಿಲ್ಲುವುದಿಲ್ಲವಲ್ಲ, ಅದಕ್ಕೇ ಆ ಪಟ್ಟು. ಅರ್ಧ ಪುಟಕ್ಕೇ ಕೈ ಸೋಲುತ್ತದೆ, ಸಾಲು ಇಳಿಯುತ್ತದೆ, ಶಾಲೆಯಿಂದ "ಸೋಮಾರಿ" ಅನ್ನುವ ದೂರು ಬರುತ್ತದೆ. ಅದು ಸೋಮಾರಿತನವಲ್ಲ. ಸ್ವಲ್ಪ ದಪ್ಪನೆಯ ಪೆನ್ಸಿಲ್ ಕೊಡಿ, ಪುಸ್ತಕವನ್ನು ಇಳಿಜಾರು ಹಲಗೆಯ ಮೇಲಿಡಿ. ನಡುನಡುವೆ ಅವಳು ಕೈ ಕೊಡವಿಕೊಳ್ಳಲು ಬಿಡಿ ಎಂದು ಟೀಚರಿಗೆ ಒಂದು ಚೀಟಿ ಬರೆದು ಕಳಿಸಿ.