ಕಿಮೊ ನಡೆದಾಗ ಅವ್ವನಿಗೆ ಏನು ಓದಿ ಹೇಳಬೇಕು?

ಪ್ರಶ್ನೆ: ನಮ್ಮವ್ವಗ 68 ವರ್ಷ, ಹಾನಗಲ್ ಕಡೆಯಾಕಿ. ಹುಬ್ಬಳ್ಳಿ ಆಸ್ಪತ್ರೆಯೊಳಗ ಕ್ಯಾನ್ಸರಿಗೆ ಕಿಮೊ ನಡದೈತಿ. ಬಾಜೂ ಕುಂತು ವಚನ, ಕವಿತಾ ಓದಿದ್ರ ಆಕಿಗೆ ಸಮಾಧಾನ ಅನಸ್ತದೇನ್ರಿ? ಯಾವುದು ಓದಬೇಕು?

ಉತ್ತರ: ಅನಿಸುತ್ತದೆ. ಕವಿತೆಯಿಂದ ಗಡ್ಡೆ ಕರಗುವುದಿಲ್ಲ, ಔಷಧದ ಕೆಲಸ ಔಷಧವೇ ಮಾಡಬೇಕು. ಆದರೆ ಹೆದರಿಕೆಯಿಂದ ಗಿಡ್ಡವಾದ ಉಸಿರು ಲಯಕ್ಕೆ ಸಿಕ್ಕಾಗ ಉದ್ದವಾಗುತ್ತದೆ. 2001ರಲ್ಲಿ ಇಟಲಿಯ ಸಂಶೋಧಕರು 23 ಆರೋಗ್ಯವಂತರಿಂದ ಜಪಮಾಲೆಯ ಪ್ರಾರ್ಥನೆ, ಮಂತ್ರ ಹೇಳಿಸಿ ನೋಡಿದಾಗ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿದಿತ್ತು. ಸುಮ್ಮನೆ ಕೂತ ದೊಡ್ಡವರದು ಸಾಮಾನ್ಯವಾಗಿ 12ರಿಂದ 20 ಇರುತ್ತದೆ. ಆ 23 ಜನ ರೋಗಿಗಳಲ್ಲ, ನಿಜ. ಆದರೆ ಅವರು ಕೇಳುತ್ತ ಕೂತಿರಲಿಲ್ಲ, ತಾವೇ ಹೇಳುತ್ತಿದ್ದರು. ಅವ್ವನೂ ಒಂದೆರಡು ಸಾಲು ಹೇಳುವಂತಾದರೆ ಒಳ್ಳೆಯದು.

ಹಾಗಾಗಿ ಹೊಸ ಪುಸ್ತಕ ಕೊಳ್ಳಬೇಡಿ. ಕಿಮೊ ದಿನಗಳಲ್ಲಿ ಗಮನ, ನೆನಪು ಮಂಕಾಗುವುದುಂಟು. ಹೊಸದನ್ನು ಅರ್ಥ ಮಾಡಿಕೊಳ್ಳುವುದೇ ದಣಿವು. ಹಳೆಯದು ತಾನಾಗಿ ಬಾಯಿಗೆ ಬರುತ್ತದೆ. ಹಾವೇರಿ ಕಡೆಯ ಆ ವಯಸ್ಸಿನ ಹೆಣ್ಣುಮಕ್ಕಳಿಗೆ ಬೀಸುವ ಪದ, ಸೋಬಾನ ಪದ, ಭಜನೆಯಲ್ಲಿ ಕೇಳಿದ ತತ್ವಪದ ಎಲ್ಲೋ ಒಳಗೆ ಇದ್ದೇ ಇರುತ್ತವೆ. "ಅವ್ವಾ, ಬೀಸುವಾಗ ಏನ್ ಹಾಡತಿದ್ರಿ?" ಎಂದು ಕೇಳಿ ನೋಡಿ.

ಬೀಸುವ ಪದ ಹೆಚ್ಚಾಗಿ ತ್ರಿಪದಿ, ಮೂರೇ ಸಾಲು. ಮೊದಲ ಸಾಲು ನೀವು ಹೇಳಿ ನಿಲ್ಲಿಸಿ, ಎರಡು ಮೂರು ಉಸಿರು ಕಾಯಿರಿ. ಅವರು ಮುಂದುವರಿಸಿದರೆ ನೀವು ಸುಮ್ಮನಾಗಿ. ತಡವರಿಸಿದರೆ ಒಂದು ಶಬ್ದ ಎತ್ತಿಕೊಡಿ, ಇಡೀ ಸಾಲು ಬೇಡ. ಹಾಡುವಾಗ ಎರಡನೆಯ ಸಾಲು ಮರಳಿ ಬರುವುದರಿಂದ ನೆನಪಿಸಿಕೊಳ್ಳಲು ಬಿಡುವು ಸಿಗುತ್ತದೆ. ಒಂದು ಸಾಲಿಗೆ ಒಂದು ಉಸಿರು ಸಾಕು. ಬಾಯಲ್ಲಿ ಹುಣ್ಣಾಗಿದ್ದರೆ, ಆಕ್ಸಿಜನ್ ಹಾಕಿದ್ದರೆ ಅವರಿಂದ ಹೇಳಿಸಬೇಡಿ, ನೀವೇ ಹೇಳಿ.

ವಚನ ಓದುವುದಾದರೆ ಚಿಕ್ಕವನ್ನು ಆರಿಸಿ, ಹಾಳೆಗೊಂದರಂತೆ ದಪ್ಪ ಅಕ್ಷರದಲ್ಲಿ ಬರೆದಿಡಿ, ಅವ್ವನೂ ಕಣ್ಣಾಡಿಸಬಹುದು. ಚೆನ್ನಾಗಿ ಕೇಳುವ ಕಿವಿಯ ಕಡೆ ಕೂತುಕೊಳ್ಳಿ. ಐದರಿಂದ ಹತ್ತು ನಿಮಿಷ, ಅಷ್ಟೇ. ಅವರಾಗಿ ಕೇಳದೆ ಅರ್ಥ ಬಿಡಿಸಿ ಹೇಳಬೇಡಿ. ಹೇಳಿದೊಡನೆ ಅದು ಪಾಠವಾಗುತ್ತದೆ.

ಹೆಚ್ಚಿನವರು ಎಡವುವುದು ಹೊತ್ತು ಆರಿಸುವಲ್ಲಿ. ವಾಕರಿಕೆ ಇರುವಾಗ ಅವರ ಅತಿ ಪ್ರೀತಿಯ ಪದವನ್ನು ತೆಗೆಯಲೇಬೇಡಿ. ಕಿಮೊ ಕೋಣೆಯ ವಾಸನೆ, ಸದ್ದು ವಾಕರಿಕೆಗೆ ಅಂಟಿಕೊಂಡು, ಮುಂದಿನ ಸಲ ಸಲೈನ್ ಏರಿಸುವ ಮೊದಲೇ ಹೊಟ್ಟೆ ತೊಳಸುವುದುಂಟು. ಪದವೂ ಹಾಗೆ ಅಂಟಿಕೊಂಡರೆ ಅವ್ವನ ಆಸರೆಯೊಂದು ಕೈತಪ್ಪುತ್ತದೆ. ವಾಕರಿಕೆ ಇಳಿದ ಹೊತ್ತಿಗೆ, ಮನೆಯಲ್ಲಿ ಮುಂಜಾನೆಗೋ ಮಲಗುವ ಮುಂಚೆಗೋ ಅದನ್ನು ಇಟ್ಟುಕೊಳ್ಳಿ.

ಇನ್ನು ಆಯ್ಕೆ. "ಧೈರ್ಯ ತಗೋ, ಎದ್ದು ನಿಲ್ಲು" ಎನ್ನುವ ಕವಿತೆಗಳು ಹಾಸಿಗೆ ಹಿಡಿದವರಿಗೆ ಬೈದಂತೆ ಕೇಳಿಸಬಹುದು. ಅಳು, ದಣಿವು ಇರುವ ಪದಗಳಿಂದ ಆರಂಭಿಸಿದರೆ ತಮ್ಮ ಮಾತನ್ನು ಯಾರೋ ಆಡಿದಂತೆ ಅನಿಸುತ್ತದೆ. ಆದರೆ ಶಿಶುನಾಳ ಶರೀಫರ (1819–1889) 'ಸೋರುತಿಹುದು ಮನೆಯ ಮಾಳಿಗಿ' ಶಿಥಿಲವಾದ ದೇಹವನ್ನೇ ಸೋರುವ ಮನೆಯಾಗಿ ಕಾಣಿಸುತ್ತದೆ. ಅದನ್ನು ನೀವಾಗಿ ತೆಗೆಯಬೇಡಿ, ಕಾಯಿಲೆಯ ಹೆಸರನ್ನು ಅವ್ವನಿಗೆ ಇನ್ನೂ ಹೇಳಿರದಿದ್ದರಂತೂ ಬೇಡವೇ ಬೇಡ. ಆದರೆ ಅವರೇ ಗುನುಗಿದರೆ ಬಾಯಿ ಮುಚ್ಚಿಸಬೇಡಿ. ಆಡಬೇಕಾದ ಮಾತೊಂದು ಅವರಲ್ಲಿದೆ ಎಂದರ್ಥ. ಪಕ್ಕದಲ್ಲಿ ಕೂತು ಕೇಳಿ. ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ ನನ್ನ' ಮಗುವಿನ ಸಾವಿನ ದುಃಖದಿಂದ ಹುಟ್ಟಿದ್ದು. ಅದು ಅವ್ವನಿಗಲ್ಲ, ರಾತ್ರಿಯೆಲ್ಲ ಎಚ್ಚರವಿದ್ದ ನಿಮಗೆ. ಓದುತ್ತ ನಿಮಗೆ ಅಳು ಬಂದರೆ ನಿಲ್ಲಿಸಿ, ನೀರು ಕುಡಿದು ಮತ್ತೆ ಓದಿ. ತಪ್ಪೇನಿಲ್ಲ.

ಕಿಮೊ ನಡೆದಿರುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಪುಸ್ತಕ ಮುಚ್ಚಿ ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ. ಎರಡು ವಾರ ಕಳೆದರೂ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ವೈದ್ಯರಿಗೆ ತಿಳಿಸಿ. "ಬದುಕೋದು ಬ್ಯಾಡ" ಎಂದರೆ ಎರಡು ವಾರ ಕಾಯಬೇಡಿ, ಅಂದೇ ಹೇಳಿ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.