ನೇರ್: ಯೆಹೂದಿಗಳ ಮನೆಯ ದೀಪ

ಹೀಬ್ರೂ ಭಾಷೆಯಲ್ಲಿ 'ನೇರ್' ಅಂದರೆ ದೀಪ. ಈಗ ಮೇಣದಬತ್ತಿಗೂ ಇದೇ ಪದ. ಹಳೆಯ ಕಾಲದಲ್ಲಿ ಅದು ಮಣ್ಣಿನ ಹಣತೆ, ಆಲಿವ್ ಎಣ್ಣೆ, ಒಂದು ಬತ್ತಿ. ಹಾಗಾಗಿ ನಮ್ಮ 'ದೀಪ' ಎಂಬ ಪದವೇ ಇದಕ್ಕೆ ಹತ್ತಿರ.

ಮನುಷ್ಯನ ಆತ್ಮ ದೇವರ ದೀಪ ಅನ್ನುತ್ತದೆ ಹೀಬ್ರೂ ಬೈಬಲ್ಲಿನ ಜ್ಞಾನೋಕ್ತಿ 20:27. ತೀರಿಕೊಂಡವರ ವರ್ಷದ ದಿನ ಮನೆಯಲ್ಲಿ 24 ಗಂಟೆ ಉರಿಯುವ ದೀಪ ಹಚ್ಚಿಡುತ್ತಾರೆ. ಅದಕ್ಕೆ 'ನೇರ್ ನೆಶಾಮಾ', ಅಂದರೆ ಆತ್ಮದ ದೀಪ ಅಂತಲೇ ಹೆಸರು.

ನನಗೆ ಇದಕ್ಕಿಂತ ಜಾಸ್ತಿ ಹಿಡಿಸಿದ್ದು ಇನ್ನೊಂದು ಸಂಗತಿ. ಯಾವ ದೀಪದ ಬೆಳಕಲ್ಲಿ ಏನು ಮಾಡಬಹುದು, ಏನು ಮಾಡಬಾರದು ಅನ್ನುವ ನಿಯಮ. ಅರ್ಥ ಅಡಗಿರುವುದು ಅಲ್ಲೇ.

ಶುಕ್ರವಾರ ಸಂಜೆ ಶುರುವಾಗುವ ವಾರದ ವಿಶ್ರಾಂತಿ ದಿನ ಶಬ್ಬಾತ್. ಅದರ ದೀಪ ನೋಡಿ. ಸೂರ್ಯ ಮುಳುಗಲು 18 ನಿಮಿಷ ಇರುವಾಗಲೇ ಹಚ್ಚುವ ರೂಢಿ. ಜೆರುಸಲೇಮಿನಲ್ಲಿ 40 ನಿಮಿಷ ಮೊದಲೇ. ಹಚ್ಚುವವರು ಸಾಮಾನ್ಯವಾಗಿ ಮನೆಯೊಡತಿ, ದೀಪ ಕಡಿಮೆ ಅಂದರೂ ಎರಡು. ಯೆಹೂದಿಗಳ ಮೂಲ ಧರ್ಮಗ್ರಂಥ ತೋರಾದಲ್ಲಿ ದೇವರ ಹತ್ತು ಆಜ್ಞೆಗಳು ಎರಡು ಕಡೆ ಬರುತ್ತವೆ. ಶಬ್ಬಾತನ್ನು 'ನೆನೆ' ಅನ್ನುತ್ತದೆ ಒಂದು, 'ಕಾಪಾಡು' ಅನ್ನುತ್ತದೆ ಇನ್ನೊಂದು. ಒಂದೊಂದಕ್ಕೆ ಒಂದೊಂದು ದೀಪ.

ಹಚ್ಚಿದ ಮೇಲೆ ಅವರು ಅಂಗೈಯಿಂದ ಕಣ್ಣು ಮುಚ್ಚಿಕೊಂಡು ಪ್ರಾರ್ಥನೆ ಹೇಳುತ್ತಾರೆ. ಯಾಕೆ ಗೊತ್ತಾ? ಯಾವ ಆಚರಣೆಗೂ ಮೊದಲು ಪ್ರಾರ್ಥನೆ, ಆಮೇಲೆ ಕೆಲಸ. ಆದರೆ ಈ ಪ್ರಾರ್ಥನೆ ಮುಗಿಯಿತು ಅಂದರೆ ಶಬ್ಬಾತ್ ಶುರುವಾದ ಹಾಗೆ. ಶಬ್ಬಾತಿನಲ್ಲಿ ಬೆಂಕಿ ಹೊತ್ತಿಸುವಂತಿಲ್ಲ. ಅದಕ್ಕೇ ಹಲವು ಮನೆಗಳಲ್ಲಿ ಮೊದಲು ಹಚ್ಚಿ, ನೋಡದೆ ಕಣ್ಣು ಮುಚ್ಚಿ, ಪ್ರಾರ್ಥಿಸಿ, ಆಮೇಲೆ ಕೈ ತೆಗೆಯುತ್ತಾರೆ. ಬೆಳಕು ಆಗಷ್ಟೇ ಬಂದಂತೆ ಕಾಣುತ್ತದೆ. ಎಷ್ಟು ಚೆಂದ ಅಲ್ವಾ!

ಈ ಬೆಳಕು ಬಳಸುವುದಕ್ಕೇ ಇರುವುದು. ಊಟ ಮಾಡಬೇಕು, ಒಬ್ಬರ ಮುಖ ಒಬ್ಬರು ನೋಡಬೇಕು, ಯಾರೂ ಕತ್ತಲಲ್ಲಿ ಎಡವಬಾರದು. ಇದಕ್ಕೆ 'ಶಲೋಮ್ ಬಾಯಿತ್' ಅನ್ನುತ್ತಾರೆ, ಮನೆಯ ನೆಮ್ಮದಿ. ಕೈಯಲ್ಲಿರುವ ದುಡ್ಡು ಒಂದಕ್ಕೇ ಸಾಕಾಗುವುದಾದರೆ ಏನು ಕೊಳ್ಳಬೇಕು ಅಂತ ಯೆಹೂದಿ ಗುರುಗಳ ಚರ್ಚೆಗಳ ಹಳೆಯ ಗ್ರಂಥ ತಾಲ್ಮುದ್ ಕೇಳುತ್ತದೆ. ಹನುಕ್ಕಾ ಎಂಬ ಎಂಟು ದಿನದ ಹಬ್ಬದ ದೀಪಕ್ಕಿಂತ, ಶಬ್ಬಾತಿನ ದ್ರಾಕ್ಷಾರಸಕ್ಕಿಂತ ಮನೆಯ ದೀಪವೇ ಮೊದಲು ಅನ್ನುವುದು ಅದರ ಉತ್ತರ. ನೆಮ್ಮದಿಗೆ ಇಷ್ಟು ಬೆಲೆ ಕೊಟ್ಟ ಮಾತು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಹನುಕ್ಕಾ ದೀಪ ಇದಕ್ಕೆ ತದ್ವಿರುದ್ಧ. ಅದರ ಬೆಳಕಲ್ಲಿ ಓದುವಂತಿಲ್ಲ, ದುಡ್ಡು ಎಣಿಸುವಂತಿಲ್ಲ, ಬರೀ ನೋಡಬೇಕು. ಬೆಳಕು ಬೇಕಾದರೆ 'ಶಮಾಶ್' ಎಂಬ ಸೇವಕ ದೀಪ ಬೇರೆಯೇ ಇದೆ. ಕಿಟಕಿಯಲ್ಲೋ ಬಾಗಿಲ ಬಳಿಯೋ ಇಟ್ಟರೆ ದಾರಿಹೋಕರಿಗೂ, ದೇವಾಲಯದಲ್ಲಿ ಒಂದು ದಿನದ ಎಣ್ಣೆ ಎಂಟು ದಿನ ಉರಿಯಿತು ಅನ್ನುವ ಆ ಹಳೆಯ ಪವಾಡ ನೆನಪಾಗುತ್ತದೆ. ಮೊದಲ ದಿನ ಎಂಟು ಹಚ್ಚಿ ದಿನಕ್ಕೊಂದು ಕಡಿಮೆ ಮಾಡಿ ಅಂದಿತ್ತು ಶಮ್ಮಾಯ್ ಎಂಬ ಹಳೆಯ ಕಾಲದ ಗುರುವಿನ ಪಂಥ. ಒಂದರಿಂದ ಶುರುಮಾಡಿ ಎಂಟಕ್ಕೆ ಹೋಗಿ, ಪವಿತ್ರವಾದದ್ದು ಏರಬೇಕು, ಇಳಿಯಬಾರದು ಅಂದಿತು ಇನ್ನೊಬ್ಬ ಗುರು ಹಿಲ್ಲೆಲ್ ಪಂಥ. ಇವತ್ತಿಗೂ ನಡೆಯುವುದು ಹಿಲ್ಲೆಲ್ ಮಾತೇ.

ಶನಿವಾರ ರಾತ್ರಿ ಶಬ್ಬಾತನ್ನು ಕಳಿಸಿಕೊಡುವ ಹವ್ದಾಲಾ ದೀಪ ಜಡೆ ಹೆಣೆದ ಮೇಣದಬತ್ತಿ. ಹಲವು ಬತ್ತಿ ಸೇರಿ ಒಂದೇ ದೊಡ್ಡ ಉರಿ. ಎಲ್ಲರೂ ಬೆರಳು ಮಡಚಿ ಅದರ ಹತ್ತಿರ ಹಿಡಿದು, ಉಗುರಿನ ಮೇಲೆ ಬಿದ್ದ ಬೆಳಕನ್ನೂ ಅಂಗೈಯಲ್ಲಿ ಬಿದ್ದ ನೆರಳನ್ನೂ ನೋಡುತ್ತಾರೆ. ಬಳಸದ ಬೆಳಕಿಗೆ ಇಲ್ಲಿ ಪ್ರಾರ್ಥನೆ ಸಲ್ಲುವುದಿಲ್ಲ. ಕೊನೆಗೆ ಬತ್ತಿಯನ್ನು ದ್ರಾಕ್ಷಾರಸದಲ್ಲಿ ಅದ್ದುತ್ತಾರೆ. ಚುಯ್ ಅಂತ ಆರುತ್ತದೆ. ಇನ್ನು ಒಲೆ ಹಚ್ಚಬಹುದು.