ಕಂಪ್ಯೂಟರ್‌ನಲ್ಲಿ ಟಿವಿ ನೋಡೋಕೆ ಟ್ಯೂನರ್ ಆರಿಸೋದು ಹೇಗೆ: ಸಿಗ್ನಲ್ ಕಡೆಯಿಂದ ಬರೆದ ಟಿಪ್ಪಣಿ

ಟಿವಿ ಟ್ಯೂನರ್ (ಟಿವಿ ಸಿಗ್ನಲ್ ಹಿಡಿದು ಕಂಪ್ಯೂಟರ್‌ಗೆ ಕೊಡೋ ಕಾರ್ಡು ಇಲ್ಲಾ ಯುಎಸ್‌ಬಿ ಸ್ಟಿಕ್) ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ, ಯಾವ ಕಂಪನೀದು ತಗೊಳ್ಳಲಿ, ಪಿನಾಕಲ್ಲಾ, ಅವರ್‌ಮೀಡಿಯಾನಾ, ಪಿಕ್ಸೆಲ್‌ವ್ಯೂನಾ. ಕಂಪನಿ ವಿಷಯ ಆಮೇಲೆ. ಮೊದಲು ನಿಮ್ಮ ಮನೆಗೆ ಬರ್ತಿರೋ ತಂತಿಯಲ್ಲಿ ಯಾವ ಸಿಗ್ನಲ್ ಇದೆ, ಅದಕ್ಕೆ ಬೀಗ ಹಾಕಿದ್ದಾರಾ (ಅಂದ್ರೆ ಬೇರೆಯವರು ನೋಡದ ಹಾಗೆ ಸ್ಕ್ರ್ಯಾಂಬಲ್ ಮಾಡಿದ್ದಾರಾ) ಇಲ್ವಾ ಅನ್ನೋದು ಗೊತ್ತಾಗಬೇಕು, ಅದು ಗೊತ್ತಾದ್ರೆ ಅಂಗಡಿಯಲ್ಲಿರೋ ಕಾರ್ಡುಗಳಲ್ಲಿ ಮುಕ್ಕಾಲು ಪಾಲು ತಾನಾಗೇ ಲಿಸ್ಟಿಂದ ಹೊರಗೆ ಹೋಗುತ್ತೆ.

ಟ್ಯೂನರ್ ಅಂತ ನಾವು ಕರೆಯೋ ವಸ್ತುವಿನಲ್ಲಿ ನಿಜವಾಗಿ ಎರಡು ಕೆಲಸ ನಡೆಯುತ್ತೆ. ಒಂದು, ನೂರಾರು ಮೆಗಾಹರ್ಟ್ಸ್ ಉದ್ದಕ್ಕೂ ಹರಡಿರೋ ಸಿಗ್ನಲ್‌ಗಳಲ್ಲಿ ನಮಗೆ ಬೇಕಾದ ಒಂದನ್ನ ಮಾತ್ರ ಆರಿಸಿ ಕೆಳಗಿನ ಫ್ರೀಕ್ವೆನ್ಸಿಗೆ ಇಳಿಸೋದು, ಇದು ಅಸಲಿ ಟ್ಯೂನರ್ ಚಿಪ್ಪಿನ ಕೆಲಸ. ಎರಡು, ಹಾಗೆ ಇಳಿಸಿದ ಸಿಗ್ನಲ್ಲಿಂದ ಚಿತ್ರ ಮತ್ತು ಧ್ವನಿಯ ಮಾಹಿತಿ ಹೊರಗೆ ತೆಗೆಯೋದು, ಅದು ಡಿಮಾಡ್ಯುಲೇಟರ್ ಕೆಲಸ. ಹಳೇ ಅನಲಾಗ್ ಕಾರ್ಡಲ್ಲಾದ್ರೆ ಈ ಜಾಗದಲ್ಲಿ ವಿಡಿಯೋ ಡಿಕೋಡರ್ ಇರುತ್ತೆ. ನಮಗೆ ತೊಂದರೆ ಕೊಡೋದು ಹೆಚ್ಚಾಗಿ ಈ ಎರಡನೇ ಭಾಗವೇ, ಯಾಕಂದ್ರೆ ಒಂದೊಂದು ಸ್ಟ್ಯಾಂಡರ್ಡ್‌ಗೂ ಡಿಮಾಡ್ಯುಲೇಟರ್ ಬೇರೆ ಬೇರೆ, ಆದ್ರೆ ಡಬ್ಬದ ಮೇಲೆ ಮಾತ್ರ ಎಲ್ಲಕ್ಕೂ ದೊಡ್ಡದಾಗಿ ಟಿವಿ ಟ್ಯೂನರ್ ಅಂತಲೇ ಬರೆದಿರ್ತಾರೆ.

ಅನಲಾಗ್ ಕಾಲದ ಕಾರ್ಡುಗಳು

ನಮ್ಮ ದೇಶದ ಅನಲಾಗ್ ಟಿವಿ ಪಾಲ್-ಬಿ ಸ್ಟ್ಯಾಂಡರ್ಡು. 625 ಗೆರೆ, ಅದರಲ್ಲಿ ಕಣ್ಣಿಗೆ ಕಾಣೋದು 576, ಸೆಕೆಂಡಿಗೆ 25 ಫ್ರೇಮ್, ಚಿತ್ರ ಹೊತ್ತು ತರೋ ಅಲೆ, ಅಂದ್ರೆ ಕ್ಯಾರಿಯರ್‌ಗಿಂತ 5.5 ಮೆಗಾಹರ್ಟ್ಸ್ ಮೇಲೆ ಧ್ವನಿ. ಈ 5.5 ನೆನಪಿಟ್ಕೊಳ್ಳಿ. ಚೀನಾದಲ್ಲಿ ಬಳಸ್ತಿದ್ದದ್ದು ಪಾಲ್-ಡಿ, ಅದರಲ್ಲಿ ಧ್ವನಿ 6.5ರಲ್ಲಿ ಕೂತಿರುತ್ತೆ, ಹಾಗಾಗಿ ಅಲ್ಲಿಯ ಸೆಟ್ಟಿಂಗ್ ಇರೋ ಡಬ್ಬಿ ಇಲ್ಲಿ ಚಿತ್ರ ಚೆನ್ನಾಗೇ ತೋರಿಸ್ತಿತ್ತು ಆದ್ರೆ ಮಾತು ಬರೋ ಕಡೆ ಬರೀ ಸುಯ್ ಅಂತಿತ್ತು, ಜನ ಸ್ಪೀಕರ್ ಹೋಯ್ತು ಅಂತ ಬಿಚ್ಚೋಕೆ ಕೂರ್ತಿದ್ರು, ಮೆನುವಿನಲ್ಲಿ ನಮ್ಮ ಪಾಲ್-ಬಿಗೆ ಹೊಂದೋ ಬಿ/ಜಿ ಅಂತ ಬದಲಾಯಿಸಿದ್ರೆ ಮುಗೀತಿತ್ತು.

ಬಿಟಿ878, ಎಸ್‌ಎಎ7134 ಚಿಪ್ಪಿನ ಪಿಸಿಐ ಕಾರ್ಡುಗಳು (ಮದರ್‌ಬೋರ್ಡಿನ ಸ್ಲಾಟಿಗೆ ಹಾಕೋವು) ಈ ಅನಲಾಗ್ ಸಿಗ್ನಲ್‌ಗೆ ಅಂತಲೇ ಮಾಡಿದ್ದು. ಕೇಬಲ್ ವೈರ್ ನೇರವಾಗಿ ಕಾರ್ಡಿಗೆ ಚುಚ್ಚಿ ಸ್ಕ್ಯಾನ್ ಕೊಟ್ರೆ ಚಾನೆಲ್‌ಗಳೆಲ್ಲ ಸಾಲಾಗಿ ಬಂದು ಕೂರ್ತಿದ್ವು. ಆ ಕಾಲ ಮುಗೀತು. 2011ರಲ್ಲಿ ಕೇಬಲ್ ಕಾನೂನಿಗೆ ತಿದ್ದುಪಡಿ ಆಗಿ ಡಿಜಿಟಲ್ ಕಡ್ಡಾಯ ಆಯ್ತು, ಬೆಂಗಳೂರು ಮೈಸೂರು ಇದ್ದ ಎರಡನೇ ಹಂತಕ್ಕೆ 2013ರ ಮಾರ್ಚ್ 31 ಗಡುವು, ಕೊನೇ ಹಂತದ ಹಳ್ಳಿಗಳಿಗೆ 2017ರ ಮಾರ್ಚ್ 31. ದೂರದರ್ಶನದ ಅನಲಾಗ್ ಟವರ್‌ಗಳನ್ನೂ ಕೆಲವು ಆಯಕಟ್ಟಿನ ಜಾಗ ಬಿಟ್ಟು ಉಳಿದದ್ದನ್ನೆಲ್ಲ 2022ರ ಮಾರ್ಚ್ ಒಳಗೆ ಮುಚ್ಚೋದು ಅಂತ ಪ್ರಸಾರ ಭಾರತಿ ಹೇಳಿತ್ತು. ಅಂದ್ರೆ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ಡು ಚೀಪಾಗಿ ಸಿಕ್ತು ಅಂತ ತಂದ್ರೂ ಅದರ ಆಂಟೆನಾ ತೂತಿಗೆ ಈಗ ಕೆಲಸವೇ ಇಲ್ಲ. ಪಕ್ಕದಲ್ಲಿರೋ ಹಳದಿ ಪಿನ್ನಿನ ಕಾಂಪೊಸಿಟ್ ಇನ್‌ಪುಟ್‌ಗೆ ಮಾತ್ರ ಇನ್ನೂ ಜೀವ ಇದೆ, ಅದರ ಬಗ್ಗೆ ಕೆಳಗೆ ಬರ್ತೀನಿ.

ಡಿಜಿಟಲ್ ಕೇಬಲ್ ಯಾಕೆ ನೇರವಾಗಿ ಬರಲ್ಲ

ಈಗಿನ ಕೇಬಲ್ ಬರೋದು ಡಿವಿಬಿ-ಸಿ ಅನ್ನೋ ರೂಪದಲ್ಲಿ (ಡಿವಿಬಿ ಅನ್ನೋದು ಡಿಜಿಟಲ್ ಟಿವಿ ಸ್ಟ್ಯಾಂಡರ್ಡು, ಕೊನೇ ಅಕ್ಷರ ಸಿ ಅಂದ್ರೆ ಕೇಬಲ್, ಎಸ್ ಅಂದ್ರೆ ಸ್ಯಾಟಲೈಟ್, ಟಿ ಅಂದ್ರೆ ಟವರ್). ಸರಿ ಹಾಗಾದ್ರೆ ಡಿವಿಬಿ-ಸಿ ಇರೋ ಯುಎಸ್‌ಬಿ ಸ್ಟಿಕ್ ತಗೊಂಡ್ರೆ ಆಯ್ತಲ್ಲ ಅನ್ನಿಸುತ್ತೆ, ಸ್ಕ್ಯಾನ್ ಕೊಟ್ರೆ ಚಾನೆಲ್ ಹೆಸರುಗಳೂ ಬರ್ತವೆ, ಖುಷಿಯಾಗಿ ಒತ್ತಿದ್ರೆ ಕಪ್ಪು ಸ್ಕ್ರೀನ್. ಇಲ್ಲಿ ಆಗ್ತಿರೋದು ಏನು ಅಂದ್ರೆ, ಡಿಮಾಡ್ಯುಲೇಟರ್ ತನ್ನ ಕೆಲಸ ಸರಿಯಾಗೇ ಮಾಡಿ 188 ಬೈಟಿನ ಪ್ಯಾಕೆಟ್‌ಗಳ ಒಂದು ಹೊಳೆ ಕೊಡುತ್ತೆ, ಇದಕ್ಕೆ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ ಅಂತಾರೆ. ಪ್ರತಿ ಪ್ಯಾಕೆಟ್ಟಿನ ಮೊದಲ 4 ಬೈಟು ಹೆಡರ್, ಅದರಲ್ಲಿ 2 ಬಿಟ್ಟು ಒಳಗಿನ ಮಾಲು ಸ್ಕ್ರ್ಯಾಂಬಲ್ ಆಗಿದೆಯೋ ಇಲ್ವೋ ಅಂತ ಹೇಳೋಕೆ ಮೀಸಲು. ಚಾನೆಲ್ ಹೆಸರಿನ ಟೇಬಲ್ಲು ಬೀಗ ಇಲ್ಲದೆ ಬರುತ್ತೆ, ಚಿತ್ರ ಮತ್ತು ಧ್ವನಿ ಬೀಗದೊಳಗೆ. ಅಂಚೆ ಕವರ್ ಮೇಲಿನ ವಿಳಾಸ ಓದಬಹುದು ಒಳಗಿನ ಕಾಗದ ಓದೋಕಾಗಲ್ಲ, ಅಷ್ಟೇ ವಿಷಯ. ಬೀಗದ ಕೈ ಇರೋದು ಕೇಬಲ್‌ನವರ ಸೆಟ್‌ಟಾಪ್ ಬಾಕ್ಸಲ್ಲಿ, ಕಾರ್ಡ್ ಹಾಕೋ ಬಾಕ್ಸಾದ್ರೂ ಆ ಕಾರ್ಡು ಸಾಮಾನ್ಯವಾಗಿ ಅದೇ ಬಾಕ್ಸಿಗೆ ಜೋಡಿ ಮಾಡಿರ್ತಾರೆ, ಕಿತ್ತು ಬೇರೆ ಕಡೆ ಹಾಕಿದ್ರೆ ನಡೆಯಲ್ಲ. ದುಡ್ಡು ಕೊಟ್ಟು ನೋಡೋ ಡಿಟಿಎಚ್‌ಗಳದ್ದೂ ಇದೇ ಕಥೆ, ಸ್ಟ್ಯಾಂಡರ್ಡ್ ಮಾತ್ರ ಡಿವಿಬಿ-ಎಸ್ ಇಲ್ಲಾ ಎಸ್2. ಈ ಬೀಗ ಮುರಿಯೋ ಸಾಫ್ಟ್‌ವೇರ್ ಇದೆ ಅಂತ ಯಾರಾದ್ರೂ ಹೇಳಿದ್ರೆ ಆ ಕಡೆ ಹೋಗ್ಬೇಡಿ, ಅದು ಕಾನೂನಿಗೆ ವಿರುದ್ಧ.

ಬೀಗ ಇಲ್ಲದೆ ಸಿಗೋದು

ನಮಗೆ ಓಪನ್ನಾಗಿ ಸಿಗೋದು ಮುಖ್ಯವಾಗಿ ಎರಡು, ಎರಡೂ ದೂರದರ್ಶನದ್ದೇ. ಟ್ಯೂನರ್ ಬಗ್ಗೆ ನಿಜವಾಗಿ ಯೋಚನೆ ಮಾಡಬೇಕಾದ ಜಾಗ ಇದು.

ಮೊದಲನೇದು ಟವರಿಂದ ಬರೋ ಡಿವಿಬಿ-ಟಿ2. 2016ರ ಫೆಬ್ರವರಿಯಲ್ಲಿ ಬೆಂಗಳೂರು ಸೇರಿ 16 ಊರುಗಳಲ್ಲಿ ಇದನ್ನ ಶುರು ಮಾಡಿದ್ರು. ಕೊನೇಲಿರೋ 2 ಅನ್ನೋ ಅಂಕೆಯನ್ನ ಲಘುವಾಗಿ ತಗೋಬೇಡಿ. ಆನ್‌ಲೈನಲ್ಲಿ ತುಂಬಾ ಕಡಿಮೆ ಬೆಲೆಗೆ ಸಿಗೋ ಆರ್‌ಟಿಎಲ್2832ಯು ಚಿಪ್ಪಿನ ಸ್ಟಿಕ್ಕುಗಳು ಹಳೇ ಡಿವಿಬಿ-ಟಿಗೆ ಮಾತ್ರ, ಟಿ2 ಅವಕ್ಕೆ ಅರ್ಥವೇ ಆಗಲ್ಲ. ಡ್ರೈವರ್ ಅಪ್‌ಡೇಟ್ ಮಾಡಿದ್ರೆ ಆಗಲ್ವಾ ಅಂದ್ರೆ ಆಗಲ್ಲ. ಎರಡರಲ್ಲೂ ಒಎಫ್‌ಡಿಎಂ (ಡೇಟಾವನ್ನ ಸಾವಿರಾರು ಸಣ್ಣ ಕ್ಯಾರಿಯರ್‌ಗಳ ಮೇಲೆ ಹಂಚಿ ಕಳಿಸೋ ವಿಧಾನ) ಇದೆ ನಿಜ, ಆದ್ರೆ ಟಿ2ನಲ್ಲಿ ತಪ್ಪು ಸರಿಪಡಿಸೋ ಕೋಡಿಂಗೇ ಬೇರೆ, ಎಲ್‌ಡಿಪಿಸಿ ಮತ್ತು ಬಿಸಿಎಚ್ ಅನ್ನೋವು, ಮಾಡ್ಯುಲೇಶನ್ (ಕ್ಯಾರಿಯರ್ ಮೇಲೆ ಡೇಟಾ ಕೂರಿಸೋ ರೀತಿ) 256 ಕ್ಯುಎಎಂವರೆಗೂ ಹೋಗುತ್ತೆ, ಹಳೇದರಲ್ಲಿ 64ಕ್ಕೇ ನಿಲ್ಲುತ್ತೆ. ಈ ಲೆಕ್ಕವೆಲ್ಲ ಚಿಪ್ಪಿನೊಳಗೆ ಹಾರ್ಡ್‌ವೇರಲ್ಲೇ ಕೂತಿರೋದ್ರಿಂದ ಚಿಪ್ಪೇ ಬದಲಾಗಬೇಕು. ಸೋನಿಯ ಸಿಎಕ್ಸ್‌ಡಿ2837, ಪ್ಯಾನಾಸಾನಿಕ್‌ನ ಎಂಎನ್88472, ಸಿಲಿಕಾನ್ ಲ್ಯಾಬ್ಸ್‌ನ ಎಸ್‌ಐ2168, ಇವುಗಳಲ್ಲಿ ಯಾವುದಾದ್ರೂ ಒಳಗಿದೆ ಅಂತ ಖಾತ್ರಿ ಆದ್ರೆ ಟಿ2 ಬರುತ್ತೆ. ಮಾರೋರು ಚಿಪ್ ಹೆಸರು ಹೇಳಲ್ಲ ಅಂದ್ರೆ ನಾನಂತೂ ತಗೊಳ್ಳಲ್ಲ, ಒಂದೇ ಹೆಸರಿನ ಸ್ಟಿಕ್ಕಲ್ಲಿ ಒಂದೊಂದು ಬ್ಯಾಚಿಗೆ ಒಂದೊಂದು ಚಿಪ್ಪು ಬರೋದುಂಟು.

ದುಡ್ಡು ಕೊಡೋಕೆ ಮುಂಚೆ ಸಿಗ್ನಲ್ ನಿಮ್ಮ ಏರಿಯಾಗೆ ಬರ್ತಿದೆಯಾ ಅಂತ ನೋಡ್ಕೊಳ್ಳೋಕೆ ಖರ್ಚಿಲ್ಲದ ದಾರಿ ಇದೆ. ಇತ್ತೀಚಿನ ಎಷ್ಟೋ ಟಿವಿಗಳಲ್ಲಿ ಟಿ2 ಟ್ಯೂನರ್ ಒಳಗೇ ಇರುತ್ತೆ, ಅಕ್ಕಪಕ್ಕದ ಮನೆಯಲ್ಲಿ ಅಂಥ ಟಿವಿ ಇದ್ರೆ ಒಂದು ಯುಎಚ್‌ಎಫ್ ಆಂಟೆನಾ ಚುಚ್ಚಿ ಡಿಜಿಟಲ್ ಸ್ಕ್ಯಾನ್ ಕೊಡಿ, ಅಲ್ಲಿ ಏನೂ ಬರಲಿಲ್ಲ ಅಂದ್ರೆ ನಿಮ್ಮ ಸ್ಟಿಕ್ಕಿಗೂ ಬರಲ್ಲ. ಸ್ಟಿಕ್ ಜೊತೆ ಕೊಡೋ ಗೇಣುದ್ದದ ಮ್ಯಾಗ್ನೆಟ್ ಆಂಟೆನಾ ಟವರ್ ಹತ್ತಿರ ಇರೋರಿಗೆ ಸಾಕು, ಬೇರೆಯವರು ಅದನ್ನ ನೆಚ್ಚಿಕೊಂಡು ಸ್ಟಿಕ್ ಸರಿಯಿಲ್ಲ ಅನ್ನೋಕೆ ಹೋಗ್ಬೇಡಿ.

ಎರಡನೇದು ಡಿಡಿ ಫ್ರೀ ಡಿಶ್. ತಿಂಗಳ ಬಾಡಿಗೆ ಇಲ್ಲ, ಚಂದನ ಬರುತ್ತೆ, ಕರ್ನಾಟಕದ ಯಾವ ಮೂಲೆಯಲ್ಲಾದ್ರೂ ಸಿಗುತ್ತೆ, ಅದಕ್ಕೇ ನನ್ನ ಲೆಕ್ಕದಲ್ಲಿ ಊರ ಕಡೆ ಇರೋರಿಗೆ ಇದೇ ಸರಿ. ಸ್ಯಾಟಲೈಟ್ ಜಿಸ್ಯಾಟ್-15, 93.5 ಡಿಗ್ರಿ ಪೂರ್ವದಲ್ಲಿದೆ. ಬೆಂಗಳೂರಿಂದ ಲೆಕ್ಕ ಹಾಕಿದ್ರೆ ಡಿಶ್ ಆಗ್ನೇಯಕ್ಕೆ ಮುಖ ಮಾಡಿ ನೆಲದಿಂದ ಸುಮಾರು 66 ಡಿಗ್ರಿ ಮೇಲೆ ನೋಡಬೇಕು. ಬೇಕಾಗೋ ಟ್ಯೂನರ್ ಡಿವಿಬಿ-ಎಸ್2, ಇದು ಹಳೇ ಡಿವಿಬಿ-ಎಸ್ ಸಿಗ್ನಲ್ಲನ್ನೂ ಹಿಡಿಯುತ್ತೆ. ಟಿಬಿಎಸ್ ಕಂಪನಿಯ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡು, ಯುಎಸ್‌ಬಿ ಡಬ್ಬಿ ಎರಡೂ ಇವೆ.

ಇಲ್ಲಿ ಎಲೆಕ್ಟ್ರಾನಿಕ್ಸ್ ಓದೋರಿಗೆ ಪರೀಕ್ಷೆಗೂ ಬರೋ ಒಂದು ಲೆಕ್ಕ ಇದೆ. ಸ್ಯಾಟಲೈಟಿಂದ ಬರೋ 11090 ಮೆಗಾಹರ್ಟ್ಸ್ ಸಿಗ್ನಲ್ಲನ್ನ ಹಾಗೇ ವೈರಲ್ಲಿ ಕೆಳಗೆ ತರೋಕಾಗಲ್ಲ, ದಾರಿಯಲ್ಲೇ ಸತ್ತು ಹೋಗುತ್ತೆ. ಅದಕ್ಕೆ ಡಿಶ್ ಮೂತಿಯಲ್ಲಿರೋ ಎಲ್‌ಎನ್‌ಬಿ ತನ್ನೊಳಗೇ ಹುಟ್ಟಿಸೋ 9750 ಮೆಗಾಹರ್ಟ್ಸ್ ಅಲೆ (ಲೋಕಲ್ ಆಸಿಲೇಟರ್) ಜೊತೆ ಬೆರೆಸಿ ವ್ಯತ್ಯಾಸ ತೆಗೆಯುತ್ತೆ, 11090ರಲ್ಲಿ 9750 ಕಳೆದ್ರೆ 1340. ಟ್ಯೂನರ್ ಹಿಡಿಯೋ ವ್ಯಾಪ್ತಿ 950ರಿಂದ 2150, ಅದರೊಳಗೆ ಬಂತು. ಸಾಫ್ಟ್‌ವೇರಲ್ಲಿ ಎಲ್‌ಎನ್‌ಬಿ ಟೈಪ್ ತಪ್ಪಾಗಿ ಸಿ-ಬ್ಯಾಂಡ್ (ದೊಡ್ಡ ಡಿಶ್‌ಗಳು ಬಳಸೋ ಬೇರೆ ಫ್ರೀಕ್ವೆನ್ಸಿ) ಅಂತ ಇದ್ರೆ ಅದು 5150 ಇಟ್ಕೊಂಡು ಲೆಕ್ಕ ಮಾಡುತ್ತೆ, ಡಿಶ್ ಎಷ್ಟೇ ತಿರುಗಿಸಿದ್ರೂ ಚಾನೆಲ್ ಬರಲ್ಲ.

ಇನ್ನೊಂದು, ಎಲ್‌ಎನ್‌ಬಿಗೆ ಕರೆಂಟ್ ಕೊಡಬೇಕಾದ್ದು ಟ್ಯೂನರ್ರೇ, ಅದೇ ವೈರಿನ ಮೇಲೆ. 13 ವೋಲ್ಟ್ ಕೊಟ್ರೆ ಎಲ್‌ಎನ್‌ಬಿ ಲಂಬವಾಗಿ ಕಂಪಿಸೋ (ವರ್ಟಿಕಲ್) ಸಿಗ್ನಲ್ ಹಿಡಿಯುತ್ತೆ, 18 ಕೊಟ್ರೆ ಅಡ್ಡಡ್ಡ (ಹಾರಿಜಾಂಟಲ್) ಕಂಪಿಸೋದು. ಯುಎಸ್‌ಬಿ 2.0 ಪೋರ್ಟ್ ಕೊಡೋದು 5 ವೋಲ್ಟ್ 500 ಮಿಲಿ ಆಂಪ್, ಅಂದ್ರೆ ಬರೀ 2.5 ವ್ಯಾಟ್, ಟ್ಯೂನರ್ರೂ ಎಲ್‌ಎನ್‌ಬಿಯೂ ಎರಡೂ ಅದರಲ್ಲೇ ನಡೆಯೋದು ಕಷ್ಟ, ಹಾಗಾಗಿ ಸ್ಯಾಟಲೈಟ್ ಯುಎಸ್‌ಬಿ ಡಬ್ಬಿಗಳಿಗೆ ಬೇರೆ ಅಡಾಪ್ಟರ್ ಇರುತ್ತೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಅಡಾಪ್ಟರ್ ಕೇಳಿ ಇಸ್ಕೊಳ್ಳಿ.

ಸೂಟ್‌ಕೇಸಲ್ಲಿ ಬರೋ ಟ್ಯೂನರ್

ಅಮೆರಿಕದಲ್ಲಿರೋ ಅಣ್ಣನೋ ಭಾವನೋ ಬರುವಾಗ ಒಂದು ತಂದುಕೊಡ್ತೀನಿ ಅಂದ್ರೆ ಬೇಡ ಅನ್ನಿ. ಅಲ್ಲಿಯದು ಎಟಿಎಸ್‌ಸಿ ಅನ್ನೋ ಬೇರೆ ಸ್ಟ್ಯಾಂಡರ್ಡು, 6 ಮೆಗಾಹರ್ಟ್ಸ್ ಅಗಲದ ಚಾನೆಲ್, 8ವಿಎಸ್‌ಬಿ ಮಾಡ್ಯುಲೇಶನ್, ನಮ್ಮ ಗಾಳಿಯಲ್ಲಿ ಅದಕ್ಕೆ ಒಂದೇ ಒಂದು ಚಾನೆಲ್ಲೂ ಸಿಗಲ್ಲ. ಜಪಾನಿಂದು ಐಎಸ್‌ಡಿಬಿ-ಟಿ, ಅದೂ ಹಾಗೇ. ಇಂಗ್ಲೆಂಡಿಂದ ಬರೋರು ಟಿ2 ಇರೋ ಸ್ಟಿಕ್ ತಂದ್ರೆ ಮಾತ್ರ ನಡೆಯುತ್ತೆ, ಅಲ್ಲೂ ಡಿವಿಬಿ, ಅಲ್ಲೂ 8 ಮೆಗಾಹರ್ಟ್ಸ್.

ನನಗೆ ಕೇಬಲ್ ಚಾನೆಲ್ಲೇ ಬೇಕು ಅನ್ನೋರಿಗೆ

ಆಗ ಕೊಳ್ಳಬೇಕಾದ್ದು ಟ್ಯೂನರ್ ಅಲ್ಲ, ಕ್ಯಾಪ್ಚರ್ ಡಿವೈಸ್. ಬೀಗ ತೆಗೆಯೋ ಕೆಲಸ ಸೆಟ್‌ಟಾಪ್ ಬಾಕ್ಸೇ ಮಾಡಲಿ, ಅದರ ಹಳದಿ ಕೆಂಪು ಬಿಳಿ ಪಿನ್ನಿಂದ ಚಿತ್ರ ಧ್ವನಿ ತಗೊಂಡು ಕಂಪ್ಯೂಟರ್‌ಗೆ ಕೊಡೋದು. ಮೇಲೆ ಹೇಳಿದ ಹಳೇ ಪಿಸಿಐ ಕಾರ್ಡು ಉಪಯೋಗಕ್ಕೆ ಬರೋದು ಇಲ್ಲೇ, ಆದ್ರೆ ಹೊಸ ಮದರ್‌ಬೋರ್ಡುಗಳಲ್ಲಿ ಪಿಸಿಐ ಸ್ಲಾಟೇ ಇರಲ್ಲ, 64 ಬಿಟ್ ವಿಂಡೋಸ್‌ಗೆ ಡ್ರೈವರ್ ಹುಡುಕೋದೂ ತಲೆನೋವು, ಲಿನಕ್ಸಲ್ಲಿ ಮಾತ್ರ ಬಿಟಿ878ಗೆ ಡ್ರೈವರ್ ಕರ್ನಲ್ಲಲ್ಲೇ ಇದೆ. ಚಾನೆಲ್ ಬದಲಾಯಿಸೋದು ಬಾಕ್ಸಿನ ರಿಮೋಟಲ್ಲೇ, ಕಂಪ್ಯೂಟರಿಂದ ಆಗಲ್ಲ.

ಕ್ಯಾಪ್ಚರ್‌ನಲ್ಲಿ ಎಷ್ಟು ಡೇಟಾ ಬರುತ್ತೆ ಅಂತ ಒಂದ್ಸಲ ಲೆಕ್ಕ ಮಾಡಿ ನೋಡಿ, ಕೆಲವು ಕಾರ್ಡ್ ಯಾಕೆ ದುಬಾರಿ ಅಂತ ಗೊತ್ತಾಗುತ್ತೆ. ಒಂದು ಫ್ರೇಮ್ 720 × 576 ಅಂದ್ರೆ 4,14,720 ಪಿಕ್ಸೆಲ್, ಪಿಕ್ಸೆಲ್ಲಿಗೆ 2 ಬೈಟ್, ಸೆಕೆಂಡಿಗೆ 25 ಫ್ರೇಮ್, ಒಟ್ಟು ಸೆಕೆಂಡಿಗೆ ಸುಮಾರು 20.7 ಮೆಗಾಬೈಟ್. ಹಾಗೇ ರೆಕಾರ್ಡ್ ಮಾಡಿದ್ರೆ ಗಂಟೆಗೆ 75 ಜಿಬಿ ಹತ್ತಿರ. ಅದನ್ನೇ ಕುಗ್ಗಿಸಿ ಸೆಕೆಂಡಿಗೆ 6 ಮೆಗಾಬಿಟ್‌ನ ಎಂಪೆಗ್-2 ಮಾಡಿದ್ರೆ ಗಂಟೆಗೆ 2.7 ಜಿಬಿ. ಈ ಕುಗ್ಗಿಸೋ ಕೆಲಸವನ್ನ ಸಿಪಿಯು ಮಾಡಬೇಕಾ ಕಾರ್ಡೇ ಮಾಡುತ್ತಾ ಅನ್ನೋದರ ಮೇಲೆ ರೇಟು ನಿಂತಿತ್ತು, ಹಾಪಾಗ್ ಪಿವಿಆರ್-150 ಹೆಸರು ಮಾಡಿದ್ದು ಹಾರ್ಡ್‌ವೇರ್ ಎನ್‌ಕೋಡರ್ ಅದರೊಳಗೇ ಇತ್ತು ಅಂತ. ಈಗಿನ ಸಿಪಿಯುಗಳಿಗೆ ಈ ಸೈಜಿನ ಚಿತ್ರ ಏನೇನೂ ಅಲ್ಲ, ಹಾಗಾಗಿ ಇವತ್ತು ಅದಕ್ಕೆ ಅಂತ ಜಾಸ್ತಿ ದುಡ್ಡು ಕೊಡೋ ಅಗತ್ಯ ನನಗೆ ಕಾಣಲ್ಲ.

ಎಚ್‌ಡಿಎಂಐ ಕ್ಯಾಪ್ಚರ್ ತಗೋಬಹುದಲ್ಲ ಅಂದ್ರೆ ಅಡ್ಡಿ ಎರಡಿದೆ. ಎಚ್‌ಡಿ ಬಾಕ್ಸುಗಳು ಎಚ್‌ಡಿಸಿಪಿ (ಎಚ್‌ಡಿಎಂಐ ವೈರಿನ ಮೇಲಿನ ಕಾಪಿ ತಡೆಯೋ ಬೀಗ) ಹಾಕಿದ್ರೆ ಕ್ಯಾಪ್ಚರ್ ಡಿವೈಸಿಗೆ ಚಿತ್ರವೇ ಸಿಗಲ್ಲ. ಇನ್ನು ಚೀಪ್ ಡಾಂಗಲ್‌ಗಳು 1080 ಅಂತ ಹೇಳಿಕೊಂಡ್ರೂ ಯುಎಸ್‌ಬಿ 2.0 ಮೇಲೆ ಕೂತಿರ್ತವೆ. 1920 × 1080, 2 ಬೈಟ್, 30 ಫ್ರೇಮ್ ಗುಣಿಸಿ ನೋಡಿ, ಸೆಕೆಂಡಿಗೆ 124 ಮೆಗಾಬೈಟ್, ಅಂದ್ರೆ 1000 ಮೆಗಾಬಿಟ್ ಹತ್ತಿರ, ಪೋರ್ಟಿನ ಮಿತಿ 480. ಹಾಗಾಗಿ ಅವು ಒಳಗೇ ಎಂಜೆಪೆಗ್ ಮಾಡಿ, ಅಂದ್ರೆ ಪ್ರತಿ ಫ್ರೇಮನ್ನೂ ಜೆಪೆಗ್ ಫೋಟೋ ಹಾಗೆ ಕುಗ್ಗಿಸಿ ಕಳಿಸ್ತವೆ, ಸಣ್ಣ ಅಕ್ಷರಗಳ ಸುತ್ತ ಕೊಳೆ ಕೂತ ಹಾಗೆ ಕಾಣುತ್ತೆ.

ಕಾಂಪೊಸಿಟ್‌ನಲ್ಲಿ ಬರೋದು ಇಂಟರ್‌ಲೇಸ್ಡ್ ಚಿತ್ರ, ಒಂದು ಫೀಲ್ಡಲ್ಲಿ ಬೆಸ ಗೆರೆ ಇನ್ನೊಂದರಲ್ಲಿ ಸಮ ಗೆರೆ, ಸೆಕೆಂಡಿಗೆ 50 ಫೀಲ್ಡ್. ಮಾನಿಟರ್ ಎರಡನ್ನೂ ಒಟ್ಟಿಗೆ ತೋರಿಸಿದ್ರೆ ಓಡೋ ವಸ್ತುವಿನ ಅಂಚು ಬಾಚಣಿಗೆ ಹಲ್ಲಿನ ಹಾಗೆ ಸೀಳುತ್ತೆ. ಇದನ್ನ ಚೆಕ್ ಮಾಡೋಕೆ ನ್ಯೂಸ್ ಚಾನೆಲ್ ಹಾಕಿ ಕೆಳಗೆ ಓಡೋ ಕನ್ನಡ ಪಟ್ಟಿ ನೋಡಿ, ಒತ್ತಕ್ಷರಗಳು ಹರಿದ ಹಾಗೆ ಕಂಡ್ರೆ ಎರಡೂ ಫೀಲ್ಡನ್ನ ಸರಿಯಾಗಿ ಹೊಂದಿಸೋ ಡಿಇಂಟರ್‌ಲೇಸ್ ಆಫ್ ಇದೆ ಅಂತ. ವಿಎಲ್‌ಸಿ ಪ್ಲೇಯರಿನ ವಿಡಿಯೋ ಮೆನುವಿನಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ ಯಾಡಿಫ್ ಅನ್ನೋ ವಿಧಾನ ಆರಿಸಿ ನೋಡಿ.

ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ವಿಂಡೋಸ್ ಮೀಡಿಯಾ ಸೆಂಟರ್ ವಿಂಡೋಸ್ 10ರಿಂದ ಇಲ್ಲ, ಹಾಗಾಗಿ ಹಳೇ ಗೈಡುಗಳನ್ನ ನೋಡ್ಕೊಂಡು ಅದನ್ನ ಹುಡುಕ್ತಾ ಕೂರ್ಬೇಡಿ, ಪ್ರೋಗ್‌ಡಿವಿಬಿ ಅಥವಾ ಡಿವಿಬಿವ್ಯೂವರ್ ನೋಡಿ. ಲಿನಕ್ಸಲ್ಲಿ ಕ್ಯಾಫೀನ್ ಸುಲಭ, ಒಂದೇ ಟ್ಯೂನರಿಂದ ಮನೆಯ ಎಲ್ಲ ಫೋನು ಲ್ಯಾಪ್‌ಟಾಪಿಗೂ ವೈಫೈಲಿ ಹಂಚಬೇಕು ಅಂದ್ರೆ ಟಿವಿಹೆಡ್‌ಎಂಡ್.

ಈಗಾಗಲೇ ಮನೆಯಲ್ಲಿ ಆ ಟಿ-ಮಾತ್ರದ ಆರ್‌ಟಿಎಲ್ ಸ್ಟಿಕ್ ಬಿದ್ದಿದ್ರೆ ಬಿಸಾಕ್ಬೇಡಿ. ಟಿವಿ ಬರದಿದ್ರೂ ಆ ಚಿಪ್ಪು ಸಿಗ್ನಲ್ಲಿನ ಕಚ್ಚಾ ಸ್ಯಾಂಪಲ್‌ಗಳನ್ನ ಹಾಗೇ ಕಂಪ್ಯೂಟರ್‌ಗೆ ಕೊಡಬಲ್ಲದು, ಜೊತೆಗೆ ಆರ್820ಟಿ ಟ್ಯೂನರ್ ಇದ್ರೆ 24ರಿಂದ 1766 ಮೆಗಾಹರ್ಟ್ಸ್‌ವರೆಗೂ ಓಡಾಡುತ್ತೆ. ಎಸ್‌ಡಿಆರ್ ಸಾಫ್ಟ್‌ವೇರ್ (ರೇಡಿಯೋ ಕೆಲಸವನ್ನ ಕಂಪ್ಯೂಟರಲ್ಲೇ ಮಾಡೋದು) ಹಾಕಿ 101.3ಕ್ಕೆ ಇಟ್ರೆ ಬೆಂಗಳೂರಲ್ಲಿ ರೇನ್‌ಬೋ ಎಫ್‌ಎಂ ಕೇಳುತ್ತೆ, ಕೇಳೋದರ ಜೊತೆಗೆ ಅದರ ಸ್ಪೆಕ್ಟ್ರಮ್ ಕಣ್ಣಿಗೂ ಕಾಣುತ್ತೆ, 1090 ಮೆಗಾಹರ್ಟ್ಸಲ್ಲಿ ಮೇಲೆ ಹೋಗ್ತಿರೋ ವಿಮಾನಗಳು ತಮ್ಮ ಎತ್ತರ ಮತ್ತು ಜಾಗ ಹೇಳೋದು ಡಿಕೋಡ್ ಮಾಡಬಹುದು. ಕಮ್ಯುನಿಕೇಶನ್ ಪೇಪರಿನ ಮಾಡ್ಯುಲೇಶನ್ ಚಾಪ್ಟರ್ ಓದುವಾಗ ಇದನ್ನ ಪಕ್ಕದಲ್ಲಿ ಹಾಕ್ಕೊಳ್ಳಿ.